ಬೈಸಿಕಲ್ ಪಂದ್ಯದ ಕಡೆಯ ಇನ್ನೂರು ಮೀಟರು

ಬೈಸಿಕಲ್ಲಿನ ಪಂದ್ಯವೆಂದರೆ ಕಾಲಿನಲ್ಲಿ ಬಲವುಳ್ಳವನು ಗೆಲ್ಲುವನು, ಅದರಲ್ಲಿ ವಿಚಾರಮಾಡತಕ್ಕದ್ದೇನಿದೆ ಎಂದು ಅನೇಕರು ಭಾವಿಸುವುದುಂಟು. ಯೂರೋಪ್ ಖಂಡದ ಹೆದ್ದಾರಿಗಳಲ್ಲಿ ನಡೆಯುವ ದೊಡ್ಡ ಪಂದ್ಯಗಳನ್ನು ಗಮನವಿಟ್ಟು ನೋಡಿದವರಿಗೆ ಈ ಭಾವನೆಯು ನಿಲ್ಲಲಾರದು. ಅಲ್ಲಿ ನೂರಕ್ಕೂ ಮಿಕ್ಕ ಸವಾರರು ಎಷ್ಟೋ ದಿನ ಇನ್ನೂರು ಕಿಲೋಮೀಟರಿನಷ್ಟು ದೂರವನ್ನು ಒಂದೇ ಗುಂಪಾಗಿ ತುಳಿದು ಬಂದು, ಕಡೆಯ ಇನ್ನೂರು ಮೀಟರುಗಳಲ್ಲಿ ಒಮ್ಮೆಲೇ ನುಗ್ಗಿ ಜಯಾಪಜಯಗಳನ್ನು ನಿರ್ಣಯಿಸಿಕೊಳ್ಳುವರು. ಈ ಕಡೆಯ ನುಗ್ಗಾಟಕ್ಕೆ ಸ್ಪ್ರಿಂಟ್ ಎಂದು ಹೆಸರು. ಇದರಲ್ಲಿ ಬಲವು ಬೇಕೇ ಬೇಕು. ಆದರೆ ಬಲಕ್ಕಿಂತ ಸ್ಥಾನವು ಹೆಚ್ಚಿನದು, ಸ್ಥಾನಕ್ಕಿಂತಲೂ ಸಮಯಜ್ಞಾನವು ಹೆಚ್ಚಿನದು. ಅದು ಹೇಗೆಂಬುದನ್ನು ವಾಚಕರ ಮುಂದಿಡಲು ಇಲ್ಲಿ ಯತ್ನಿಸುವೆವು.

ಎದುರುಗಾಳಿಯಲ್ಲಿ ಬೈಸಿಕಲ್ ತುಳಿದವರೆಲ್ಲರೂ ಗಾಳಿಯ ಹಟವನ್ನು ಬಲ್ಲರು. ಗಾಳಿಯೇ ಬೀಸದ ದಿನದಲ್ಲಿಯೂ ಸವಾರನ ವೇಗವೇ ಅವನಿಗೆ ಎದುರುಗಾಳಿಯನ್ನು ಹುಟ್ಟಿಸುವುದು. ವೇಗವು ಇಮ್ಮಡಿಯಾದರೆ ಗಾಳಿಯ ತಡೆಯು ನಾಲ್ಮಡಿಯಾಗುವುದು. ಸ್ಪ್ರಿಂಟಿನಲ್ಲಿ ವೇಗವು ಗಂಟೆಗೆ ೬೦-೭೦ ಕಿಲೋಮೀಟರು. ನುರಿತ ಸವಾರನು ಆಗ ಒಂದೂವರೆ ಅಶ್ವಶಕ್ತಿಗೂ ಮಿಗಿಲಾದ ಬಲವನ್ನು ಹೊಮ್ಮಿಸಬಲ್ಲನು. ಆದರೆ ಅದು ಹತ್ತು ಹದಿನೈದು ಸೆಕೆಂಡುಗಳ ಮಾತು. ಮುಂದಿನವನ ಹಿಂಚಕ್ರಕ್ಕೆ ಅಂಟಿಕೊಂಡಂತೆ ಸಾಗುವವನಿಗಾದರೋ ಶ್ರಮದಲ್ಲಿ ಸುಮಾರು ಮೂರರಲ್ಲೊಂದು ಪಾಲು ಉಳಿಯುವುದು. ಗೆದ್ದೆತ್ತಿನ ಬಾಲ ಹಿಡಿಯುವುದು ನಮ್ಮಲ್ಲಿ ನಿಂದೆಯ ಮಾತು. ಇಲ್ಲಿ ಗೆಲ್ಲಲಿರುವ ಎತ್ತಿನ ಬಾಲವನ್ನು ಹಿಡಿಯುವುದೇ ವಿದ್ಯೆ.

ಆದಕಾರಣ ಪ್ರತಿಯೊಂದು ತಂಡವೂ ತನ್ನ ಅತಿವೇಗದ ಸವಾರನನ್ನು, ದೀಪಕ್ಕೆ ಕೈ ಮರೆಮಾಡಿದಂತೆ, ಗಾಳಿಯಿಂದ ಕಾಪಾಡಿಕೊಂಡು ಬರುವುದು. ಜತೆಗಾರರು ಸಾಲಾಗಿ ಅವನ ಮುಂದೆ ಸಾಗುವರು. ಒಬ್ಬನು ಶಕ್ತಿಯೆಲ್ಲವನ್ನೂ ವ್ಯಯಮಾಡಿ ಪಕ್ಕಕ್ಕೆ ಸರಿದರೆ ಮತ್ತೊಬ್ಬನು ಮುಂದಾಳಾಗುವನು. ಪಲ್ಲಕ್ಕಿ ಹೊರುವವರು ಹೆಗಲು ಬದಲಾಯಿಸಿದಂತೆ. ಗುರಿಗೆ ಒಂದು ಕಿಲೋಮೀಟರು ಉಳಿಯಿತೆಂದು ಕೆಂಪು ಬಾವುಟವು ಸಾರುವ ವೇಳೆಗೆ ಇಬ್ಬರೋ ಮೂವರೋ ಉಳಿದಿರುವರು. ಎಲ್ಲರಿಗಿಂತ ಕಡೆಯ ಜತೆಗಾರನು ಗುರಿಗೆ ಇನ್ನೂರು ಮೀಟರಿನಷ್ಟು ದೂರದವರೆಗೆ ಎಳೆದು ತಂದು ದಾರಿ ಬಿಡುವನು. ಇವರ ಹೆಸರು ಪತ್ರಿಕೆಗಳಲ್ಲಿ ಬರುವುದು ಅಪರೂಪ. ಆದರೂ ಜಯದ ಬಹುಭಾಗವು ಇವರದೇ.

ಮ್ಯಾನ್ ದ್ವೀಪದ ಮಾರ್ಕ್ ಕ್ಯಾವೆಂಡಿಷ್ ಇದಕ್ಕೆ ಉತ್ತಮ ದೃಷ್ಟಾಂತ. ೨೦೦೯ರ ಟೂರ್ ದ ಫ್ರಾನ್ಸ್ ಪಂದ್ಯದ ಕೊನೆಯ ದಿನ, ಪ್ಯಾರಿಸ್ ನಗರದ ಕಡೆಯ ತಿರುವಿನಲ್ಲಿ, ಆಸ್ಟ್ರೇಲಿಯದ ಮಾರ್ಕ್ ರೆನ್‌ಷಾ ಅವನನ್ನು ಎಷ್ಟು ಮುಂದೆ ತಂದು ಬಿಟ್ಟನೆಂದರೆ, ಕ್ಯಾವೆಂಡಿಷ್ ಮೊದಲಿಗನಾದುದಲ್ಲದೆ ದಾರಿ ಬಿಟ್ಟ ರೆನ್‌ಷಾನೇ ಎರಡನೆಯವನಾದನು. ಮಹಾಸವಾರ ಎಡ್ಡಿ ಮರ್ಕ್ಸ್ ಈ ಪಂದ್ಯದಲ್ಲಿ ಗಳಿಸಿದ್ದ ೩೪ ದಿನಗಳ ಜಯವನ್ನು ಕ್ಯಾವೆಂಡಿಷ್ ೨೦೨೧ರಲ್ಲಿ ಸರಿಗಟ್ಟಿ, ೨೦೨೪ರ ಜುಲೈ ೩ರಂದು ಸೇಂಟ್ ವುಲ್ಬಾ ಎಂಬಲ್ಲಿ ೩೫ನೆಯದನ್ನು ಪಡೆದನು. ಆಗ ಅವನಿಗೆ ೩೯ ವಯಸ್ಸು. ಆ ದಿನ ಅವನು ಒಬ್ಬರ ಚಕ್ರದಿಂದ ಮತ್ತೊಬ್ಬರ ಚಕ್ರಕ್ಕೆ ಮರೆಯನ್ನು ಬದಲಾಯಿಸುತ್ತ ಬಂದು, ಸಂದು ಕಂಡೊಡನೆ ನುಗ್ಗಿದನು. ಕಾಲಿಗೆ ವಯಸ್ಸಾದರೂ ಕಣ್ಣಿಗೆ ಆಗಿರಲಿಲ್ಲ.

ನುಗ್ಗುವ ಗಳಿಗೆಯನ್ನು ಗಾಳಿಯೇ ಹೇಳಿಕೊಡುವುದು. ಎದುರುಗಾಳಿಯಿದ್ದರೆ ಮೊದಲು ಹೊರಟವನು ಬಳಲಿ ಹಿಂದುಳಿಯುವನು, ಆದುದರಿಂದ ಕಾಯಬೇಕು. ಬೆನ್ನಗಾಳಿಯಿದ್ದರೆ ಕಾದವನು ಕೆಟ್ಟನು, ಬೇಗ ಹೊರಡಬೇಕು. ಪಕ್ಕದಿಂದ ಬೀಸುವಾಗ ಗಾಳಿಯು ತಾಗದ ಮಗ್ಗುಲಿನಿಂದ ಮುನ್ನುಗ್ಗಬೇಕು. ಗುರಿಯ ಸಮೀಪದಲ್ಲಿ ತಿರುವಿದ್ದರೆ ಅದಕ್ಕೆ ಮುಂಚೆಯೇ ಮೊದಲ ನಾಲ್ಕೈದು ಮಂದಿಯಲ್ಲಿ ಸೇರಿರಬೇಕು. ತಿರುವಿನಲ್ಲಿ ಹಿಂದಿನವರೆಲ್ಲರೂ ವೇಗವನ್ನು ತಗ್ಗಿಸಬೇಕಾಗುವುದರಿಂದ ಆ ಮೇಲೆ ಅಂತರವನ್ನು ತುಂಬಲಾಗದು.

ಗೆರೆಯನ್ನು ದಾಟುವವರೆಗೂ ಗೆಲುವು ಗೆಲುವಲ್ಲ. ೨೦೦೪ರ ಮಿಲಾನ್-ಸಾನ್ ರೇಮೊ ಪಂದ್ಯದಲ್ಲಿ, ಅದನ್ನು ನಾಲ್ಕು ಸಲ ಗೆದ್ದಿದ್ದ ಜರ್ಮನಿಯ ಎರಿಕ್ ಸಾಬೆಲ್, ಗೆರೆಗೆ ಮೊದಲೇ ಎರಡೂ ಕೈಗಳನ್ನೆತ್ತಿ ಹರ್ಷಿಸಿದನು. ಅಷ್ಟರಲ್ಲಿ ಸ್ಪೇಯಿನಿನ ಆಸ್ಕರ್ ಫ್ರೈರೆ ತನ್ನ ಬೈಸಿಕಲ್ಲನ್ನು ಮುಂದಕ್ಕೆ ಚಾಚಿ ಗೆದ್ದುಬಿಟ್ಟನು. ಸುಮಾರು ಮುನ್ನೂರು ಕಿಲೋಮೀಟರುಗಳ ಶ್ರಮವು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು.

ಇಷ್ಟು ವೇಗದಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಸಾಗುವ ಆಟದಲ್ಲಿ ಅಪಾಯವು ಸಣ್ಣದಲ್ಲ. ಆದಕಾರಣ ನುಗ್ಗಲಾರಂಭಿಸಿದವನು ತಾನು ಹಿಡಿದ ಜಾಡನ್ನು ಬಿಟ್ಟು ಮತ್ತೊಬ್ಬನ ದಾರಿಗೆ ಅಡ್ಡ ವಾಲಕೂಡದೆಂಬುದು ಮುಖ್ಯ ನಿಯಮ. ಇದನ್ನು ಮೀರಿದರೆ ಏನಾಗುವುದೆಂಬುದು ೨೦೨೦ರ ಆಗಸ್ಟ್ ೫ರಂದು ಪೋಲೆಂಡಿನ ಕಾಟೋವಿಟ್ಸೆ ನಗರದಲ್ಲಿ ಕಂಡುಬಂತು. ಅಲ್ಲಿ ಗುರಿಯು ಇಳಿಜಾರಿನಲ್ಲಿದ್ದು ವೇಗವು ೮೦ ಕಿಲೋಮೀಟರಿನ ಸಮೀಪಕ್ಕೇರಿತ್ತು. ಡಚ್ ಸವಾರ ಡೈಲನ್ ಗ್ರೂನೆವೆಗೆನ್ ತನ್ನ ಜಾಡಿನಿಂದ ವಾಲಿದುದರಿಂದ, ಅವನ ದೇಶದವನೇ ಆದ ಫ್ಯಾಬಿಯೊ ಯಾಕೊಬ್‌ಸೆನ್ ದಾರಿಯಂಚಿನ ಬೇಲಿಗೆ ಬಡಿದು ಬಿದ್ದನು. ಅವನ ಪ್ರಾಣವೇ ಸಂಶಯದಲ್ಲಿತ್ತು. ವೈದ್ಯರು ಔಷಧದಿಂದ ಅವನನ್ನು ನಿದ್ರಾವಸ್ಥೆಯಲ್ಲಿಟ್ಟು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಗ್ರೂನೆವೆಗೆನ್ ತನ್ನ ತಪ್ಪನ್ನೊಪ್ಪಿ ಪರಿತಪಿಸಿದನು. ಒಂಬತ್ತು ತಿಂಗಳ ಬಹಿಷ್ಕಾರವೂ ಅವನಿಗಾಯಿತು.

ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಯಾಕೊಬ್‌ಸೆನ್ ಮರುವರ್ಷವೇ ಸ್ಪೇಯಿನಿನ ಮಹಾಪಂದ್ಯದಲ್ಲಿ ಮೂರು ದಿನ ಗೆದ್ದನು. ೨೦೨೨ರ ಟೂರ್ ದ ಫ್ರಾನ್ಸ್ ಡೆನ್ಮಾರ್ಕಿನಲ್ಲಿ ಆರಂಭವಾದಾಗ, ಜುಲೈ ೨ರಂದು ಅವನಿಗೆ ಜಯವಾಯಿತು. ಮರುದಿನ ಗೆದ್ದವನು ಗ್ರೂನೆವೆಗೆನ್. ಒಬ್ಬನು ಸಾವಿನ ಬಾಗಿಲಿನಿಂದ, ಇನ್ನೊಬ್ಬನು ಪಶ್ಚಾತ್ತಾಪದ ಭಾರದಿಂದ ಎದ್ದು ಬಂದು, ಮತ್ತೆ ಅದೇ ಇಕ್ಕಟ್ಟಿನಲ್ಲಿ ನುಗ್ಗಿ ಗೆದ್ದರು.

ಪಕ್ಕದವನು ತನ್ನ ಜಾಡನ್ನು ಬಿಡಲಾರನೆಂಬ ನಂಬಿಕೆಯಿಲ್ಲದಿದ್ದರೆ ಯಾವ ಸವಾರನೂ ಆ ಗುಂಪಿನೊಳಗೆ ಕಾಲಿಡಲಾರನು. ಎದುರಾಳಿಯ ಪ್ರಾಣವು ತನ್ನ ಕೈಯಲ್ಲಿದೆಯೆಂದು ತಿಳಿದೂ ಅವನನ್ನು ಸೋಲಿಸಲು ಸರ್ವಶಕ್ತಿಯಿಂದ ಹೆಣಗುವುದೇ ಈ ಆಟದ ಧರ್ಮ. ಮಕ್ಕಳಿಗೆ ಬೈಸಿಕಲ್ ಕೊಡಿಸುವ ತಂದೆತಾಯಂದಿರು ಅದರೊಡನೆ ಈ ಒಂದು ಮಾತನ್ನೂ ಕಲಿಸಿದರೆ ಲೇಸೆಂದು ನಮಗೆ ತೋರುತ್ತದೆ.