ಅಧ್ಯಾಯ 4: ಚಿಗರಿ ಓಡುವುದು ಯಾವಾಗ?

ಎರೆಹೊಲದ ಬದುವಿನ ಮೇಲೆ ನಿಂತು ದೂರದ ಚಿಗರಿ ಹಿಂಡು ನೋಡುವವರೆಲ್ಲ ಮೊದಲು ಕೇಳುವುದು ಒಂದೇ ಮಾತು: ‘ಅದು ನಮಗ ನೋಡ್ಯದೇನ್ರಿ?’ ನೋಡಿದೆ. ನೀವು ಅದನ್ನು ನೋಡುವ ಮೊದಲೇ ನೋಡಿದೆ. ಆದರೂ ಓಡಿಲ್ಲ. ಯಾಕೆ ಓಡಿಲ್ಲ, ಇನ್ನೆಷ್ಟು ಹತ್ತಿರ ಹೋದರೆ ಓಡುತ್ತದೆ, ಆ ದೂರವನ್ನು ಅದಕ್ಕೆ ಕಲಿಸಿದವರು ಯಾರು ಎಂಬುದೇ ಈ ಅಧ್ಯಾಯದ ವಿಷಯ.

ಮೂಲ ಸಂಗತಿಗಳನ್ನು ಬೇಗ ಮುಗಿಸೋಣ. ಯಾದಗಿರಿ, ಶಹಾಪುರ, ಸುರಪುರದ ಕಡೆ ಜನ ಚಿಗರಿ, ಜಿಂಕಿ ಎನ್ನುವ ಪ್ರಾಣಿ ಕೃಷ್ಣಮೃಗ. ಶಾಸ್ತ್ರದ ಪ್ರಕಾರ ಅದು ಜಿಂಕೆಯಲ್ಲ, ಹುಲ್ಲೆ. ಬಂಡೀಪುರದ ಚುಕ್ಕೆ ಜಿಂಕೆ, ಕಡವೆಗಳ ಕವಲುಗೊಂಬು ಬರೀ ಎಲುಬು; ಅದು ಕಳಚಿ ಬಿದ್ದು ಮತ್ತೆ ಬೆಳೆಯುತ್ತದೆ. ಚಿಗರಿಯ ಕೊಂಬಿಗೆ ಕವಲಿಲ್ಲ, ಅದು ಉದುರುವುದೂ ಇಲ್ಲ. ಒಳಗೆ ಎಲುಬು, ಮೇಲೆ ನಮ್ಮ ಉಗುರಿನಂಥದೇ ವಸ್ತುವಿನ ಕವಚ, ತಿರುಚಿಕೊಂಡು ಏರುವ ಉಂಗುರಗಳು. ಕೊಂಬು ಸಾಮಾನ್ಯವಾಗಿ ಗಂಡಿಗೆ ಮಾತ್ರ. ಹೆಣ್ಣು ಮತ್ತು ಮರಿ ಕಂದು ಬಣ್ಣ. ಗಂಡು ಬಲಿತಂತೆ ಬೆನ್ನು ಕಪ್ಪಾಗುತ್ತದೆ. ಮೈ ನಮ್ಮ ಆಡಿಗಿಂತ ಬಹಳ ದೊಡ್ಡದೇನಲ್ಲ, ಆದರೆ ಓಟ ಗಂಟೆಗೆ 80 ಕಿಲೋಮೀಟರ್ ಮುಟ್ಟುತ್ತದೆ. ಅದು ಹೆಚ್ಚಾಗಿ ಹಗಲು ಮೇಯುವ, ಬಯಲು ಬಯಸುವ ಪ್ರಾಣಿ. ದಟ್ಟ ಕಾಡು ಅದಕ್ಕೆ ಬೇಡ. ಹಾಗಾಗಿ ಅದರ ಮನೆ ಎಂದರೆ ನಮ್ಮ ಮನೆಯ ಪಕ್ಕದ ಹೊಲ, ಊರ ಗಾಯರಾಣ, ಮಡ್ಡಿ, ಹಳ್ಳದ ದಂಡೆ.

ಈ ನೆಲದಲ್ಲಿ ಬೇಟೆ ನಿನ್ನೆ ಮೊನ್ನೆಯದಲ್ಲ. ಸುರಪುರದಿಂದ ಹುಣಸಗಿಯ ಕಡೆ ಇರುವ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಉತ್ಖನನ ನಡೆಸಿದಾಗ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳಿಂದ ಕೈಗೊಡಲಿ ಮಾಡುತ್ತಿದ್ದ ತಾಣವೇ ಸಿಕ್ಕಿತು. ಅಲ್ಲಿನ ಪ್ರಾಣಿಹಲ್ಲುಗಳ ಕಾಲನಿರ್ಣಯ ಸುಮಾರು 12 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ. ಹತ್ತಿರದ ಕಾಲಕ್ಕೆ ಬಂದರೆ, 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚೀತಾ ಬಿಟ್ಟು ಹುಲ್ಲೆ ಹಿಡಿಸುವ ರಾಜಬೇಟೆಯ ವಿವರ ಇದೆ. ಆಮೇಲೆ ಸುರಪುರದ ಬೇಡ ನಾಯಕರ ಸಂಸ್ಥಾನ. ಬೇಟೆಯನ್ನೇ ಕುಲವೃತ್ತಿ ಮಾಡಿಕೊಂಡಿದ್ದ ಜನರ ಆಳ್ವಿಕೆ. ಉರುಲು ಒಡ್ಡುವ ವಿದ್ಯೆಯಲ್ಲಿ ಪಳಗಿದ ಹರಣಶಿಕಾರಿ ಸಮುದಾಯವೂ ಉತ್ತರ ಕರ್ನಾಟಕದ್ದೇ.

ಇವರೆಲ್ಲರ ಮುಂದಿದ್ದ ತೊಡಕು ಒಂದೇ: ಮರೆಯಿಲ್ಲದ ಬಯಲನ್ನು ದಾಟುವುದು ಹೇಗೆ? ಅವರು ಕಂಡುಕೊಂಡ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೈ ಜುಮ್ಮೆನ್ನುತ್ತದೆ. ಪಳಗಿಸಿದ ಎತ್ತನ್ನು ಮೇಯಿಸುವಂತೆ ನಡೆಸಿ ಅದರ ಮಗ್ಗುಲಲ್ಲಿ ಬಾಗಿ ಸಾಗುವುದು. ಪಳಗಿದ ಗಂಡು ಹುಲ್ಲೆಯ ಕೊಂಬಿಗೆ ಕುಣಿಕೆ ಕಟ್ಟಿ ಬಿಟ್ಟು, ಕಾಳಗಕ್ಕೆ ಬಂದ ಕಾಡಿನ ಗಂಡು ಹುಲ್ಲೆಯನ್ನು ಸಿಕ್ಕಿಸುವುದು. ಚೀತಾದ ಕಣ್ಣಿಗೆ ಬಟ್ಟೆ ಕಟ್ಟಿ ಎತ್ತಿನ ಬಂಡಿಯಲ್ಲಿ ಕೂರಿಸಿ ಒಯ್ಯುವುದು. ಬಂಡಿಯೇ ಯಾಕೆ? ಹೊಲಗಳ ನಡುವೆ ದಿನವೂ ಬಂಡಿ ಓಡಾಡುತ್ತಿತ್ತು; ಚಿಗರಿ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ಯಾವ ಉಪಾಯದಲ್ಲೂ ಪೂರ್ತಿ ಅಡಗುವ ಮಾತಿಲ್ಲ. ಚಿಗರಿಗೆ ಕಂಡರೂ ಅದು ಅಪಾಯವೆಂದು ಎಣಿಸದ ರೂಪದಲ್ಲಿ ಹೋಗುವುದೇ ಎಲ್ಲದರ ಗುಟ್ಟು. ಬೇಟೆಗಾರರು ನಂಬಿ ನಡೆದದ್ದು ಚಿಗರಿಯ ಕಲಿಯುವ ಶಕ್ತಿಯನ್ನು.

ಅಡಗುವುದು ಯಾಕೆ ಸಾಗದು ಎಂದರೆ ಅದರ ಕಣ್ಣು ಹಾಗಿದೆ. ಮನೆಯಲ್ಲಿ ಆಡು ಇದ್ದರೆ ಈಗಲೇ ಹೋಗಿ ಅದರ ಕಣ್ಣು ನೋಡಿ. ಪಾಪೆ ನಮ್ಮದರಂತೆ ದುಂಡಗಿಲ್ಲ, ಅಡ್ಡಗೀಟು. ಮೇಯುವ ಪ್ರಾಣಿಗಳ ಇಂಥ ಪಾಪೆ ನೆಲದ ಉದ್ದಕ್ಕೂ, ಹಿಂದೆ ಮುಂದೆ, ಅಗಲವಾದ ಪಟ್ಟಿಯನ್ನು ಸ್ಪಷ್ಟವಾಗಿ ಕಾಣಿಸುತ್ತದೆ. ಮೇಲಿನಿಂದ ಬೀಳುವ ಬಿಸಿಲಿನ ಝಳವನ್ನು ಕಡಿಮೆ ಮಾಡುತ್ತದೆ. ಇನ್ನೊಂದು ಪರೀಕ್ಷೆ ಮಾಡಿ: ಆಡು ಮೇವಿಗೆ ತಲೆ ಬಗ್ಗಿಸಿದಾಗ ಮತ್ತೆ ನೋಡಿ. ತಲೆ ವಾಲಿದಂತೆ ಪಾಪೆಯೂ ವಾಲಬೇಕಿತ್ತಲ್ಲ? ವಾಲುವುದಿಲ್ಲ. ಕಣ್ಣುಗುಡ್ಡೆ ಗೂಡಿನೊಳಗೇ 50 ಡಿಗ್ರಿಯಷ್ಟು ತಿರುಗಿ ಪಾಪೆಯನ್ನು ನೆಲಕ್ಕೆ ಸಮನಾಗಿಯೇ ಉಳಿಸಿಕೊಳ್ಳುತ್ತದೆ! ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಹೋದ್ಯೋಗಿಗಳು 2015ರಲ್ಲಿ ಇದನ್ನು ಪ್ರಕಟಿಸಿದರು. ಸಾವಿರಾರು ವರ್ಷ ಆಡು ಕುರಿ ಸಾಕಿದ ನಮ್ಮ ಕಣ್ಣೆದುರೇ ಇದ್ದ ಸಂಗತಿ ಇದು. ತಲೆ ತಗ್ಗಿಸಿ ಮೇಯುವ ಚಿಗರಿ ದಿಗಂತವನ್ನು ಕಾಯುತ್ತಲೇ ಇರುತ್ತದೆ ಎಂಬುದಕ್ಕೆ ಇಷ್ಟು ಸಾಕು. ಗೊರಸಿನ ಪ್ರಾಣಿಗಳಿಗೆ ಕೆಂಪು ಹಸಿರಿನ ನಡುವಿನ ವ್ಯತ್ಯಾಸ ನಮ್ಮಷ್ಟು ತಿಳಿಯದು, ಚಲನೆ ಮಾತ್ರ ಬಲು ಬೇಗ ತಿಳಿಯುತ್ತದೆ. ಅಂಗಿಯ ಬಣ್ಣದ ಬಗ್ಗೆ ಇಷ್ಟು ಚಿಂತೆ ಮಾಡುವ ನಾವು ಬೀಸುವ ಕೈಯನ್ನು ಮರೆಯುತ್ತೇವೆ.

ಈಗ ಮುಖ್ಯ ವಿಷಯ. ‘ಕಂಡೊಡನೆ ಓಡುತ್ತದೆ’ ಎಂಬ ನಂಬಿಕೆ ಬಹಳ ಜನರಲ್ಲಿದೆ. ಓಡದೆ ನಿಂತರೆ ‘ಇನ್ನೂ ಕಂಡಿಲ್ಲ’ ಎನ್ನುತ್ತಾರೆ, ಇಲ್ಲವೇ ‘ಪೆದ್ದು ಪ್ರಾಣಿ’ ಎನ್ನುತ್ತಾರೆ. ಎರಡೂ ತಪ್ಪು. ಗಮನಿಸುವ ದೂರ ಬೇರೆ, ಓಡುವ ದೂರ ಬೇರೆ. ಓಡುವ ದೂರವನ್ನು ಶಾಸ್ತ್ರದ ವಿಷಯವಾಗಿ ಮೊದಲು ಹಿಡಿದವರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಒಬ್ಬರು. 1986ರಲ್ಲಿ ಜೀವವಿಜ್ಞಾನಿಗಳಾದ ರಾನ್ ಯೀಡೆನ್‌ಬರ್ಗ್ ಮತ್ತು ಲಾರೆನ್ಸ್ ಡಿಲ್ ಅದಕ್ಕೆ ಒಂದು ಸರಳ ಲೆಕ್ಕ ಕೊಟ್ಟರು. ಓಡುವುದಕ್ಕೂ ಖರ್ಚಿದೆ: ಮೇವು ಬಿಟ್ಟು ಹೋಗಬೇಕು, ಮೈ ಕಾಯುತ್ತದೆ, ದಣಿವು, ಮರಿ ಹಿಂದೆ ಬೀಳಬಹುದು, ಗಂಡಿಗೆ ತಾನು ಹಿಡಿದ ಜಾಗ ಕೈತಪ್ಪಬಹುದು. ನಿಲ್ಲುವುದಕ್ಕೂ ಖರ್ಚಿದೆ: ಪ್ರಾಣ. ಬರುವವನು ದೂರವಿದ್ದಾಗ ಓಟದ ಖರ್ಚೇ ಹೆಚ್ಚು. ಹತ್ತಿರವಾದಂತೆ ನಿಲ್ಲುವ ಖರ್ಚು ಏರುತ್ತದೆ. ಎರಡೂ ಸಮವಾಗುವ ಜಾಗದಲ್ಲಿ ಚಿಗರಿ ನೆಗೆಯುತ್ತದೆ. ಸಂತೆಯಲ್ಲಿ ಎತ್ತು ಕೊಳ್ಳಲು ನಿಂತ ರೈತ ಕೊನೆಯ ದರದವರೆಗೆ ಸುಮ್ಮನಿರುತ್ತಾನಲ್ಲ, ಚಿಗರಿಯ ನಿಲುವೂ ಅಂಥ ಎಣಿಕೆಯ ನಿಲುವು.

ಈ ಲೆಕ್ಕದ ಸೊಗಸು ಇರುವುದು ಅದು ಬದಲಾಗುವುದರಲ್ಲಿ. ಅದೇ ಹಿಂಡು ಹೆಸರು ಮೊಳಕೆಯೊಡೆದ ಹೊಲದಲ್ಲಿ ನಿಮ್ಮನ್ನು ಹತ್ತಿರ ಬಿಟ್ಟುಕೊಂಡೀತು, ಬರಡು ಮಡ್ಡಿಯ ಮೇಲೆ ದೂರದಿಂದಲೇ ಕಾಲ್ತೆಗೆದೀತು. ನೇರ ಬರುವವನಿಗಿಂತ ಓರೆಯಾಗಿ ದಾಟಿ ಹೋಗುವವನನ್ನು ಹೆಚ್ಚು ಸಹಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಅಂಶ ಬೇಟೆ. ಗೊರಸಿನ ಪ್ರಾಣಿಗಳ ಬಗ್ಗೆ ಜಗತ್ತಿನಾದ್ಯಂತ ನಡೆದ ಅಧ್ಯಯನಗಳನ್ನು ಜೀವವಿಜ್ಞಾನಿ ಥಿಯೋಡೋರ್ ಸ್ಟ್ಯಾಂಕೋವಿಚ್ 2008ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬೇಟೆ ನಡೆಯುವ ಕಡೆ ಅವು ಹೆಚ್ಚು ಬೆದರುತ್ತವೆ, ನಡೆದು ಬರುವ ಮನುಷ್ಯನಿಗೆ ಇತರ ಯಾವುದಕ್ಕಿಂತ ಹೆಚ್ಚು ಬೆದರುತ್ತವೆ, ಮರಿಯಿರುವ ಗುಂಪು ಇನ್ನೂ ಬೇಗ ಬೆದರುತ್ತದೆ ಎಂದು ಕಂಡಿತು. ಬಂಡಿಗೆ ಹೆದರದಿದ್ದ ಚಿಗರಿ, ಜೀಪಿನಿಂದ ಗುಂಡು ಬಿದ್ದಾಗ ಜೀಪನ್ನು ಕಲಿಯಿತು. ರಾತ್ರಿ ಬೈಕು, ಟಾರ್ಚುಗಳನ್ನೂ ಕಲಿತಿದೆ. ಒಂದು ಊರಿನ ಚಿಗರಿ ಎಷ್ಟು ದೂರದಿಂದ ಓಡುತ್ತದೆ ಎಂಬುದು ಆ ಊರು ಅದರ ಜೊತೆ ಹೇಗೆ ನಡೆದುಕೊಂಡಿದೆ ಎಂಬುದರ ಅಳತೆ. ನಾನು ಈ ವಿಷಯ ಹೇಳಹೊರಟಾಗಲೆಲ್ಲ ಕೊನೆಗೆ ಬಂದು ನಿಲ್ಲುವುದು ಇದೇ ಮಾತಿಗೆ.

ಓಟದ ವೇಗಕ್ಕೂ ಇಂಥದೇ ಹಳೆಯ ಕಾರಣ ಇದೆ. ತೋಳ ಅಟ್ಟಿಸಿಕೊಂಡು ಬಂದರೆ ಇಷ್ಟು ವೇಗ ಬೇಕಿಲ್ಲ. ಈ ವೇಗ ಚೀತಾದ ಕಾಲದ್ದೆಂದು ಊಹೆ. ಭಾರತದ ಕೊನೆಯ ಚೀತಾಗಳೆಂದು ದಾಖಲಾದ ಮೂರು 1947ರಲ್ಲಿ ಕೊರಿಯಾ ಎಂಬ ದೇಶೀಯ ಸಂಸ್ಥಾನದಲ್ಲಿ ಗುಂಡಿಗೆ ಬಿದ್ದವು. 1952ರಲ್ಲಿ ಅಳಿದವೆಂದು ಘೋಷಣೆಯಾಯಿತು. 2022ರಲ್ಲಿ ಆಫ್ರಿಕಾದ ಚೀತಾಗಳು ಮಧ್ಯಪ್ರದೇಶದ ಕೂನೋಗೆ ಬಂದಿವೆ, ನಮ್ಮ ಬಯಲಿಗಲ್ಲ. ಇಲ್ಲಿ ಅಟ್ಟುವವನು ಹೋಗಿದ್ದಾನೆ, ಓಟ ಉಳಿದಿದೆ. ಅಮೆರಿಕದ ಪ್ರಾಂಗ್‌ಹಾರ್ನ್ ಎಂಬ ಪ್ರಾಣಿಯ ಅತಿವೇಗಕ್ಕೂ ಅಳಿದುಹೋದ ಬೇಟೆಪ್ರಾಣಿಗಳೇ ಕಾರಣವೆಂದು ಜೀವವಿಜ್ಞಾನಿ ಜಾನ್ ಬೈಯರ್ಸ್ ವಾದಿಸಿದ್ದಾರೆ.

ಹಾಗಾದರೆ ಮರೆಯಿಲ್ಲದ ನಮ್ಮ ಬಯಲಿನಲ್ಲಿ, ದುರ್ಬೀನು ಇಲ್ಲವೇ ಕ್ಯಾಮೆರಾ ಹಿಡಿದವರು ಹತ್ತಿರ ಹೋಗುವುದು ಹೇಗೆ? ಬೆಳಗಿನ ಹೊತ್ತು ಹೋಗಿ. ಪೊದೆಯಿಂದ ಪೊದೆಗೆ ನುಸುಳಬೇಡಿ; ಮರೆಯಿಂದ ಒಮ್ಮೆಲೇ ಎದ್ದ ಆಕಾರ ಅದಕ್ಕೆ ತೋಳದ್ದೋ ಬೇಟೆಗಾರನದೋ. ದೂರದಿಂದಲೇ ಕಾಣಿಸಿಕೊಂಡು, ಹಿಂಡಿನ ಒಂದು ಪಕ್ಕಕ್ಕೆ ಗುರಿಯಿಟ್ಟು ಓರೆಯಾಗಿ ನಡೆಯಿರಿ. ಒಂದು ಹೆಣ್ಣು ತಲೆ ಎತ್ತಿತೇ, ನಿಲ್ಲಿ. ಅದು ಮತ್ತೆ ಮೇವಿಗೆ ಬಾಗುವವರೆಗೆ ಅಲ್ಲೇ ಇರಿ, ಬೇಕಾದರೆ ಕೂತುಬಿಡಿ. ಎಲ್ಲ ಕಿವಿಗಳೂ ನಿಮ್ಮತ್ತ ತಿರುಗಿದರೆ ಒಂದು ಹೆಜ್ಜೆಯೂ ಮುಂದಿಡಬೇಡಿ. ಒಂದು ನಿಂತಲ್ಲೇ ಮೇಲಕ್ಕೆ ಪುಟಿದರೆ ಆಯಿತು: ಅದರ ಹಿಂದೆ ಇನ್ನೊಂದು, ಮತ್ತೊಂದು, ಇಡೀ ಹಿಂಡು ಚಿಮ್ಮುತ್ತ ಹೊರಡುತ್ತದೆ. ನೋಡಲು ಬಲು ಚಂದ, ಹೌದು. ಆದರೆ ಅದು ನೀವು ಸೋತ ಗಳಿಗೆ. ಚಿಗರಿ ಓಡದೆ ಉಳಿದರೆ ಮಾತ್ರ ನಿಮ್ಮ ನಡಿಗೆ ಗೆದ್ದಂತೆ.

ಇದನ್ನು ಚೆನ್ನಾಗಿ ಬಲ್ಲವರು ಕುರಿಗಾಹಿಗಳು. ಕಂಬಳಿ ಹೊದ್ದು, ಕುರಿಗಳ ನಡುವೆ ತಮ್ಮ ಪಾಡಿಗೆ ನಿಧಾನ ನಡೆಯುವವರನ್ನು ಚಿಗರಿ ಸಹಿಸಿಕೊಳ್ಳುತ್ತದೆ. ಕುರಿಹಿಂಡಿನ ಆಚೆಗೇ ಮೇಯುತ್ತಿರುತ್ತದೆ. ‘ಕಾಕಾ, ನಿಮ್ಮ ಸಂಗಟ ಬರ್ತೀನ್ರಿ’ ಎಂದು ಕೇಳಿ ಒಂದು ಬೆಳಗು ಅವರೊಡನೆ ನಡೆದವರು ಪುಸ್ತಕದಲ್ಲಿ ಸಿಗದ್ದನ್ನು ಕಲಿಯುತ್ತಾರೆ.

ಕಾನೂನಿನ ಮಾತನ್ನೂ ತಿಳಿದಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಕೃಷ್ಣಮೃಗ ಇದೆ. ಬೇಟೆಗೆ 3ರಿಂದ 7 ವರ್ಷ ಸೆರೆ. ಕೊಲ್ಲುವುದಷ್ಟೇ ಬೇಟೆ ಎಂದು ಜನ ತಿಳಿದಿದ್ದಾರೆ. ಹಿಡಿಯುವುದು, ಬೆನ್ನಟ್ಟುವುದು, ಅಟ್ಟುವುದು, ಉರುಲು ಒಡ್ಡುವುದು, ಇವಕ್ಕೆ ಯತ್ನಿಸುವುದೂ ಕಾಯ್ದೆಯ ವ್ಯಾಖ್ಯೆಯಲ್ಲಿ ಬೇಟೆಯೇ. ಮೊಬೈಲ್ ವಿಡಿಯೋಕ್ಕಾಗಿ ಬೈಕಿನಲ್ಲಿ ಚಿಗರಿ ಓಡಿಸುವ ಹುಡುಗರು ಇದನ್ನು ಕೇಳಿಸಿಕೊಳ್ಳಲೇಬೇಕು. 40 ಡಿಗ್ರಿ ದಾಟಿದ ಬಿಸಿಲಲ್ಲಿ ಅಂಥ ಒಂದು ಓಟ ಅದಕ್ಕೆ ಎಷ್ಟು ದುಬಾರಿ ಎಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಮರಿ ಕಂಡರೆ ತಬ್ಬಲಿ ಎಂದು ಮನೆಗೆ ತರಬೇಡಿ. ಹುಟ್ಟಿದ ಹೊಸತರಲ್ಲಿ ತಾಯಿ ಅದನ್ನು ಹಾಗೆ ಅಡಗಿಸಿಟ್ಟೇ ಮೇಯಲು ಹೋಗುತ್ತದೆ.

ರೈತರ ಸಂಕಟ ಸುಳ್ಳಲ್ಲ. ಮುಂಗಾರು ಬಿತ್ತನೆ ಮುಗಿದು ಹೆಸರು, ಹತ್ತಿ, ತೊಗರಿ ಎರಡೆಲೆ ಬಿಟ್ಟಾಗ ಹಿಂಡು ನುಗ್ಗಿದರೆ ಮರುಬಿತ್ತನೆಯೇ ಗತಿ. ಹೊಲದ ಸುತ್ತ ಹಳೆ ಸೀರೆ ಕಟ್ಟಿ, ರಾತ್ರಿ ಕಾದು ಕೂಗಿ ಓಡಿಸುವವರನ್ನು ಬೇಟೆಗಾರರ ಸಾಲಿಗೆ ಸೇರಿಸುವುದು ಅನ್ಯಾಯ. ನಾರಾಯಣಪುರ ಜಲಾಶಯದ ಕಾಲುವೆ ಬಂದ ಕಡೆ ಒಣಬೇಸಾಯದ ನೆಲ ಭತ್ತದ ಗದ್ದೆಯಾಯಿತು. ನೀರು ನಿಂತ ಗದ್ದೆಯಲ್ಲಿ ಚಿಗರಿಗೆ ನೆಲೆಯಿಲ್ಲ. ಅದು ಉಳಿದ ಒಣಭೂಮಿಗೆ, ಅಂದರೆ ಬಡ ರೈತರ ಹೊಲಕ್ಕೆ, ಒತ್ತರಿಸಿಕೊಂಡು ಬರುತ್ತದೆ. ಗಾಯರಾಣಗಳನ್ನು ಒತ್ತುವರಿಗೆ ಬಿಡದೆ ಹುಲ್ಲುಗಾವಲಾಗಿ ಉಳಿಸುವುದು ಕುರಿಗೂ ಚಿಗರಿಗೂ ರೈತರಿಗೂ ಬೇಕಾದ ಕೆಲಸ, ಮತ್ತು ಬೆಳೆ ಪರಿಹಾರದ ಅರ್ಜಿ ಬೇಗ ಇತ್ಯರ್ಥವಾದಷ್ಟೂ ಉರುಲು ಕಡಿಮೆಯಾಗುತ್ತದೆ.

ಯಾದಗಿರಿ, ಶಹಾಪುರ, ಸುರಪುರದ ಕಾಲೇಜುಗಳ ವಿದ್ಯಾರ್ಥಿಗಳಿಗೆ, ಅವರ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ಇಲ್ಲಿ ಹೇಳಿದ ಅಧ್ಯಯನಗಳಿಗೆ ದೊಡ್ಡ ಉಪಕರಣ ಬೇಕಿಲ್ಲ. ರಸ್ತೆ, ಬದು, ಕಾಲುದಾರಿಯಲ್ಲಿ ನಿಮ್ಮ ಪಾಡಿಗೆ ಹೋಗುವಾಗ ಚಿಗರಿ ತಲೆ ಎತ್ತಿದ್ದು ಎಷ್ಟು ದೂರದಲ್ಲಿ, ಜಾಗ ಬಿಟ್ಟಿದ್ದು ಎಷ್ಟು ದೂರದಲ್ಲಿ, ಹಿಂಡಿನಲ್ಲಿ ಎಷ್ಟಿದ್ದವು, ಮರಿ ಇತ್ತೇ, ನೀವು ನಡೆದಿದ್ದಿರೋ ಗಾಡಿಯಲ್ಲಿದ್ದಿರೋ, ಹೊಲದಲ್ಲಿ ಯಾವ ಬೆಳೆ, ಇಷ್ಟನ್ನು ತಾರೀಖಿನೊಂದಿಗೆ ಬರೆದಿಡಿ. ದೂರ ಅಳೆಯಲೆಂದೇ ಅದನ್ನು ಓಡಿಸಬೇಡಿ. ಜೊತೆಗೆ ಬೇಡ, ಹರಣಶಿಕಾರಿ, ಕುರುಬ ಸಮುದಾಯಗಳ ಹಿರಿಯರು ಬಲ್ಲದ್ದನ್ನು ಅವರ ಮಾತಿನಲ್ಲೇ ದಾಖಲಿಸಿ. ಚಿಗರಿಯ ನಡೆ ಓದುವ ಆ ವಿದ್ಯೆ ಬೇಟೆ ನಿಂತರೂ ಬೆಲೆ ಕಳೆದುಕೊಳ್ಳದ ವಿದ್ಯೆ. ಪ್ರತಿ ವರ್ಷದ ದಾಖಲೆಯ ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯದಲ್ಲಿ, ಇನ್ನೊಂದನ್ನು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಇಡಿ. ಹತ್ತು ವರ್ಷ ಬಿಡದೆ ಮಾಡಿದರೆ ಯಾವ ಊರಿನಲ್ಲಿ ಬೇಟೆ ನಿಂತಿದೆ, ಯಾವ ಊರಿನಲ್ಲಿ ನಿಂತಿಲ್ಲ ಎಂಬುದು ಆ ಅಂಕಿಗಳಲ್ಲೇ ಗೊತ್ತಾಗುತ್ತದೆ.