ವಠಾರ ಸೇರುವ ಬ್ಲಾಗು

2010ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ 'ವಿಂಡೋಸ್ ಲೈವ್ ಸ್ಪೇಸಸ್' ಬ್ಲಾಗು ತಾಣ ಬಳಸುತ್ತಿದ್ದ ಸುಮಾರು ಮೂರು ಕೋಟಿ ಜನರಿಗೆ ಆರು ತಿಂಗಳ ಗಡುವು ಕೊಟ್ಟಿತು. ಗಂಟುಮೂಟೆ ಕಟ್ಟಿಕೊಂಡು ವರ್ಡ್‌ಪ್ರೆಸ್ ಡಾಟ್ ಕಾಮ್‌ಗೆ ಹೋಗಿ, ಇಲ್ಲವೇ ಬರೆದದ್ದನ್ನು ಇಳಿಸಿಟ್ಟುಕೊಳ್ಳಿ, ಮಾರ್ಚ್ ಬಂತೆಂದರೆ ಬೀಗ ಬೀಳುತ್ತದೆ ಎಂಬುದು ಒಟ್ಟು ತಾತ್ಪರ್ಯ. ಅದರ ಹಿಂದಿನ ವರ್ಷವಷ್ಟೇ ಯಾಹೂ 'ಜಿಯೋಸಿಟೀಸ್' ಅನ್ನು ಮುಚ್ಚಿತ್ತು. 2013ರ ಏಪ್ರಿಲಿನಲ್ಲಿ 'ಪೋಸ್ಟರಸ್' ಸರದಿ.

ಕನ್ನಡದ ಬ್ಲಾಗಿಗರಲ್ಲಿ ಅನೇಕರು ಗೂಗಲ್‌ನ ಬ್ಲಾಗರ್‌ನಲ್ಲಿ ಬೇರುಬಿಟ್ಟಿದ್ದರಿಂದ ಇಂಥ ಎತ್ತಂಗಡಿಯ ಬಿಸಿ ಅವರಿಗೆ ತಟ್ಟಲಿಲ್ಲ. ಅವರು ಜಾಗ ಬದಲಿಸಲು ಯೋಚಿಸುವುದು ಬೇರೆ ಕಾರಣಕ್ಕೆ. ಒಬ್ಬರೇ ಬರೆದು, ಒಬ್ಬರೇ ಓದಿ ಬೇಸತ್ತ ಮೇಲೆ ಸಮಾನಾಸಕ್ತರು ನಾಲ್ಕಾರು ಜನ ಒಂದೇ ಸೂರಿನಡಿ ಸೇರೋಣ ಅನ್ನಿಸುತ್ತದೆ. ಕನ್ನಡಕ್ಕೆ ಇದೇನೂ ಹೊಸತಲ್ಲ. 2005ರಲ್ಲಿ ಶುರುವಾದ 'ಸಂಪದ' ಹೀಗೆ ಹಲವರನ್ನು ಒಂದೆಡೆ ಬರೆಸಿದ ತಾಣ.

2010ರ ಜೂನ್‌ನಲ್ಲಿ ಬಂದ ವರ್ಡ್‌ಪ್ರೆಸ್ 3.0 ಆವೃತ್ತಿ ಈ ಕೆಲಸವನ್ನು ಸಣ್ಣ ಗುಂಪುಗಳ ಕೈಗೂ ಎಟುಕುವಂತೆ ಮಾಡಿತು. ಅದುವರೆಗೆ ಪ್ರತ್ಯೇಕವಾಗಿದ್ದ 'ಮಲ್ಟಿಯೂಸರ್' ತಂತ್ರಾಂಶವನ್ನು ಮುಖ್ಯ ವರ್ಡ್‌ಪ್ರೆಸ್ ಒಳಗೇ ಸೇರಿಸಿ 'ಮಲ್ಟಿಸೈಟ್' ಎಂದು ಕರೆದರು. ನಮ್ಮ ಹಳೆಯ ವಠಾರದ ಲೆಕ್ಕವೇ ಅಲ್ಲಿಯೂ: ಬಾಗಿಲು ಬೇರೆ ಬೇರೆ, ಬಾವಿ ಒಂದೇ. ಪ್ರತಿ ಬ್ಲಾಗಿನ ಪೋಸ್ಟು, ಕಮೆಂಟುಗಳಿಗೆ ಡೇಟಾಬೇಸಿನಲ್ಲಿ ನಂಬರು ಹೊತ್ತ ಪ್ರತ್ಯೇಕ ಕೋಷ್ಟಕ. ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳಿಗೆ ಮಾತ್ರ ಎಲ್ಲರಿಗೂ ಸೇರಿ ಒಂದು ಕೋಷ್ಟಕ. ಪ್ಲಗಿನ್ ಹೊಸದಾಗಿ ತಂದು ಹಾಕುವ ಅಧಿಕಾರ ಇಡೀ ಜಾಲದ 'ಸೂಪರ್ ಅಡ್ಮಿನ್' ಒಬ್ಬರಿಗೇ. ಸ್ವತಂತ್ರವಾಗಿ ಮೆರೆದವರಿಗೆ ಇದು ಮೊದಮೊದಲು ಕಿರಿಕಿರಿ. ಆದರೆ ಇಪ್ಪತ್ತು ಬ್ಲಾಗುಗಳ ಸುರಕ್ಷತಾ ಅಪ್‌ಡೇಟ್ ಒಂದೇ ಸಲ ಮುಗಿದುಹೋಗುವುದು ಸಣ್ಣ ನೆಮ್ಮದಿಯಲ್ಲ.

ಸಾಗಿಸುವ ಕೆಲಸ ಹೊರಗಿನಿಂದ ಸಲೀಸು. ಹಳೆಯ ಕಡೆ ಎಕ್ಸ್‌ಪೋರ್ಟ್ ಒತ್ತಿದರೆ ಪೋಸ್ಟು, ಕಮೆಂಟು ಎಲ್ಲ ಒಂದೇ ಫೈಲಿನಲ್ಲಿ ಬರುತ್ತವೆ. ಹೊಸ ಕಡೆ ಇಂಪೋರ್ಟ್. ಹೆಚ್ಚಿನವರು ಆಮೇಲೆ ಥೀಮು, ಬಣ್ಣ, ಮೇಲ್ಪಟ್ಟಿಯ ಚಿತ್ರ ಎಂದು ವಾರಗಟ್ಟಲೆ ಕೂರುತ್ತಾರೆ. ನನ್ನ ಪ್ರಕಾರ ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ಮೊದಲು ನೋಡಬೇಕಾದದ್ದು ವಿಳಾಸ.

ಕನ್ನಡ ತಲೆಬರಹ ಕೊಟ್ಟರೆ ಬ್ಲಾಗರ್ ಅದನ್ನು ವಿಳಾಸಕ್ಕೆ ತರುವ ಗೋಜಿಗೇ ಹೋಗದೆ, ಇಂಗ್ಲಿಷಿನಲ್ಲಿ ಬರೀ 'ಬ್ಲಾಗ್-ಪೋಸ್ಟ್' ಎಂದು ಬರೆದು ಮುಂದೊಂದು ಅಂಕಿ ಅಂಟಿಸುತ್ತದೆ. ಕಾವೇರಿಯ ಮೇಲೆ ಬರೆದರೂ ಅದೇ, ಕಾಫಿಯ ಮೇಲೆ ಬರೆದರೂ ಅದೇ. ವರ್ಡ್‌ಪ್ರೆಸ್‌ಗೆ ಬಂದರೆ ಕನ್ನಡಕ್ಕೆ ಮರ್ಯಾದೆಯೇನೋ ಸಿಗುತ್ತದೆ, ಅಳತೆ ಸಾಲದು. ಅಲ್ಲಿ ತಲೆಬರಹದ ವಿಳಾಸಕ್ಕೆ 200 ಅಕ್ಷರಗಳ ಮಿತಿ. ಯೂನಿಕೋಡಿನ ಒಂದು ಕನ್ನಡ ಸಂಕೇತ ವಿಳಾಸದಲ್ಲಿ ಕೂರುವಾಗ ಶೇಕಡಾ ಚಿಹ್ನೆಗಳೊಂದಿಗೆ 9 ಅಕ್ಷರಗಳಷ್ಟು ಜಾಗ ತಿನ್ನುತ್ತದೆ. ಒತ್ತು, ಗುಣಿತ, ಸೊನ್ನೆ ಎಲ್ಲಕ್ಕೂ ಬೇರೆಬೇರೆ ಲೆಕ್ಕ. 'ಕುಪ್ಪಳ್ಳಿಯ ಮಳೆಗಾಲದ ಒಂದು ಸಂಜೆ' ಎಂದು ಹೆಸರಿಟ್ಟರೆ 'ಒಂದು' ಮುಗಿಯುವ ಹೊತ್ತಿಗೆ 191 ಆಗಿರುತ್ತದೆ, ಸಂಜೆಗೆ ಜಾಗವಿಲ್ಲ. ತಲೆಬರಹ ಹಾಗೇ ಉಳಿದು ವಿಳಾಸದಿಂದ ಮಾತ್ರ ಸಂಜೆ ಮಾಯ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಸಾಲೇ ಸಾಲು. ಪೋಸ್ಟಿಗೊಂದು ಪುಟ್ಟ ಇಂಗ್ಲಿಷ್ ವಿಳಾಸವನ್ನು ಕೈಯಾರೆ ಕೊಡುವುದೇ ವಾಸಿ. ಕನ್ನಡಾಭಿಮಾನಕ್ಕೆ ಇದರಿಂದ ಧಕ್ಕೆಯೇನಿಲ್ಲ.

ವಿಳಾಸ ಬದಲಾದಾಗ ನಷ್ಟವಾಗುವುದು ನಮಗಿಂತ ಬೇರೆಯವರಿಗೆ. ಯಾರೋ ವಿಕಿಪೀಡಿಯದ ಅಡಿಟಿಪ್ಪಣಿಯಲ್ಲಿ, ಇನ್ಯಾರೋ ತಮ್ಮ ಬರಹದ ನಡುವೆ ಕೊಟ್ಟ ಕೊಂಡಿ ಹಳೆಯ ವಿಳಾಸವನ್ನೇ ನಂಬಿರುತ್ತದೆ. ವರ್ಡ್‌ಪ್ರೆಸ್‌ನ ಬ್ಲಾಗರ್ ಇಂಪೋರ್ಟರ್ ಪ್ರತಿ ಪೋಸ್ಟಿನ ಜತೆಗೆ ಅದರ ಹಳೆಯ ವಿಳಾಸವನ್ನೂ ಬರೆದಿಟ್ಟುಕೊಳ್ಳುತ್ತದೆ. ಸ್ವಂತ ಡೊಮೈನ್ ಇದ್ದವರು ಆ ಪಟ್ಟಿ ಹಿಡಿದು ಹಳತರಿಂದ ಹೊಸತಕ್ಕೆ ದಾರಿ ತಿರುಗಿಸಬಹುದು. ಉಚಿತ ಬ್ಲಾಗ್‌ಸ್ಪಾಟ್ ವಿಳಾಸದವರಿಗೆ ಅಷ್ಟು ಸಲೀಸಿಲ್ಲ; ಅಲ್ಲಿ ಕೊಟ್ಟಿರುವ ದಾರಿ ತಿರುಗಿಸುವ ಸೌಲಭ್ಯ ಅದೇ ಬ್ಲಾಗಿನ ಒಳಗಷ್ಟೇ. ಅಂಥವರು ಹಳೆಯ ಬ್ಲಾಗನ್ನು ಅಳಿಸದೆ, ಪ್ರತಿ ಪುಟದ ನೆತ್ತಿಯ ಮೇಲೆ ಹೊಸ ವಿಳಾಸ ಬರೆದು ಬಿಟ್ಟುಬಿಡುವುದು ಮೇಲು. ಅಳಿಸದೇ ಇರಲು ಇನ್ನೊಂದು ಕಾರಣವೂ ಇದೆ: ಎಕ್ಸ್‌ಪೋರ್ಟ್ ಫೈಲಿನಲ್ಲಿ ಬರುವುದು ಚಿತ್ರವಲ್ಲ, ಚಿತ್ರದ ವಿಳಾಸ. ಹೊಸ ಬ್ಲಾಗಿನಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ, ಆದರೆ ಅದು ಇನ್ನೂ ಗೂಗಲ್ ಸರ್ವರಿನಿಂದಲೇ ಬರುತ್ತಿರುತ್ತದೆ.

ಇನ್ನು ಅಕ್ಷರಗಳ ಫಜೀತಿ. ಡೇಟಾಬೇಸ್ ಹಳೆಯ ಲ್ಯಾಟಿನ್ ವ್ಯವಸ್ಥೆಯಲ್ಲಿದ್ದು ಕನ್ನಡ ಅದರೊಳಗೆ ಸಿಕ್ಕಿಕೊಂಡರೆ ಪುಟದ ತುಂಬ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ 'ಎ', ಅದರ ಪಕ್ಕ ಪುಟ್ಟ 2, ಪುಟ್ಟ 3 ಕಾಣಿಸುತ್ತವೆ. ಗಾಬರಿ ಬೇಡ, ಪಠ್ಯ ಬಹುತೇಕ ಸುರಕ್ಷಿತವಾಗಿಯೇ ಇರುತ್ತದೆ, ಓದುವ ಕ್ರಮ ತಪ್ಪಿದೆ ಅಷ್ಟೆ. ಆ ಸ್ಥಿತಿಯಲ್ಲೇ ತಿದ್ದಿ ಸೇವ್ ಮಾಡಲು ಹೋದರೆ ಮಾತ್ರ ಕೆಟ್ಟೀತು. ಇದಕ್ಕಿಂತ ಕಳ್ಳ ದೋಷ ಇನ್ನೊಂದಿದೆ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಗುರುತೊಂದು ಇರುತ್ತದೆ. ಪಠ್ಯ ಶುಚಿ ಮಾಡುವ ಉತ್ಸಾಹದಲ್ಲಿ ಕೆಲವು ಸ್ಕ್ರಿಪ್ಟುಗಳು ಅದನ್ನು ಕಸವೆಂದು ಗುಡಿಸಿಬಿಡುತ್ತವೆ. ಆಮೇಲೆ ಅಣ್ಣಾವ್ರು 'ರಾಜ್ಕುಮಾರ್' ಆಗುತ್ತಾರೆ. ಇಂಥದ್ದನ್ನು ಹಿಡಿಯಲು ಯಂತ್ರ ಸಾಲದು. ಹತ್ತು ಹಳೆಯ ಪೋಸ್ಟುಗಳನ್ನು ಆರಿಸಿ ಗಟ್ಟಿಯಾಗಿ ಓದಬೇಕು.

ವಠಾರ ಬಿಡುವ ಮಾತನ್ನು ಸೇರುವ ಮೊದಲೇ ಆಡಿಕೊಳ್ಳುವುದು ನಿಷ್ಠುರವೆನಿಸೀತು. ಆದರೂ ಕೇಳಬೇಕು. ಮಲ್ಟಿಸೈಟ್‌ನಿಂದ ಒಂದೇ ಬ್ಲಾಗನ್ನು ಕಿತ್ತು ಹೊರತರುವಾಗ ಪೋಸ್ಟು ಬಂದರೂ ಬಳಕೆದಾರರ ಕೋಷ್ಟಕ ಎಲ್ಲರದ್ದಾದ್ದರಿಂದ ಅಲ್ಲೇ ಉಳಿಯುತ್ತದೆ. 2016ರ ವರ್ಡ್‌ಪ್ರೆಸ್ 4.5 ಆವೃತ್ತಿಯಿಂದೀಚೆಗೆ ಜಾಲದೊಳಗಿನ ಪ್ರತಿ ಬ್ಲಾಗಿಗೂ ಅದರದೇ ಡೊಮೈನ್ ಜೋಡಿಸುವುದು ಸುಲಭವಾಗಿದೆ. ಹಾಗೆ ಮಾಡಿದರೆ ವಠಾರ ಬಿಟ್ಟರೂ ವಿಳಾಸ ನಿಮ್ಮ ಜತೆಗೇ ಬರುತ್ತದೆ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು, ಮಾಡಿಬಿಡಿ. ಹಾಗೆಯೇ ಹೋಸ್ಟಿಂಗ್ ನವೀಕರಣದ ಮೇಲ್ ಯಾರ ಹೆಸರಿಗೆ ಬರುತ್ತದೆ ಎಂಬುದನ್ನೂ ಮೊದಲ ಸಭೆಯಲ್ಲೇ ತಿಳಿದುಕೊಳ್ಳಿ. ಅವರು ಒಂದು ವರ್ಷ ಮರೆತರೆ ಇಪ್ಪತ್ತೂ ಬಾಗಿಲು ಒಂದೇ ದಿನ ಮುಚ್ಚುತ್ತವೆ.