ನಿಮಗಿದು ಗೊತ್ತೆ? ಹೊಸ ಫಿಲ್ಟರ್ ಹಾಕಿದರೂ ಎಂಜಿನ್ ಏಳದಿರುವುದೇಕೆ?

ಲಕ್ಷ್ಮಣತೀರ್ಥ ನದಿಗೆ ಅಣೆಕಟ್ಟೆ ಇರುವ ಕಟ್ಟೆಮಳಲವಾಡಿಯ ಗದ್ದೆಯಲ್ಲಿ ಉಳುವ ಟ್ರ್ಯಾಕ್ಟರ್‌ಗೂ ಮಲ್ಪೆಯ ಮೀನುಗಾರಿಕೆ ಬೋಟಿಗೂ ಡೀಸೆಲ್ ಫಿಲ್ಟರ್ ಮಾಡುವ ಕೆಲಸ ಒಂದೇ: ದೂಳು, ನೀರು ಮುಂದೆ ಹೋಗದಂತೆ ತಡೆಯುವುದು. ಇಂಜೆಕ್ಷನ್ ಪಂಪಿನೊಳಗಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ದೂಳೂ ಅಲ್ಲಿ ಗೀರು ಹಾಕಬಲ್ಲದು.

ಬೋಟಿಗೆ ನೀರಿನ ಕಾಟ ಹೆಚ್ಚು. ಅರ್ಧ ಖಾಲಿಯಾದ ಟ್ಯಾಂಕಿನೊಳಗಿನ ತೇವ ರಾತ್ರಿಯ ತಂಪಿಗೆ ಹನಿಗಟ್ಟಿ, ಡೀಸೆಲ್‌ಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ಅಚ್ಚರಿಯೆಂದರೆ, ನೀರೂ ಡೀಸೆಲ್ಲೂ ಕೂಡುವ ಆ ಗಡಿಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಡೀಸೆಲನ್ನೇ ತಿಂದು ಬೆಳೆಯುತ್ತವೆ! ಫಿಲ್ಟರ್ ಕಟ್ಟಿಕೊಳ್ಳುವಂತೆ ಮಾಡುವ ಕಪ್ಪು ಲೋಳೆ ಬಹಳ ಸಲ ಅವುಗಳದ್ದೇ. ಟ್ಯಾಂಕ್ ತುಂಬಿಸಿಡುವುದು ಒಳ್ಳೆಯ ರೂಢಿ.

ಫಿಲ್ಟರ್ ಬಿಚ್ಚಿದಾಗ ಗಾಳಿ ಒಳಸೇರುತ್ತದೆ. ಒತ್ತಿದರೆ ಗಾಳಿ ಕುಗ್ಗುತ್ತದೆ, ಇಂಜೆಕ್ಟರ್ ತೆರೆಯುವಷ್ಟು ಒತ್ತಡವೇ ಹುಟ್ಟುವುದಿಲ್ಲ. ಬರೀ ಸ್ಟಾರ್ಟರ್ ತಿರುಗಿಸುತ್ತ ಬ್ಯಾಟರಿ ಇಳಿಸಬಾರದು. ಏರ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ಗುಳ್ಳೆಯಿಲ್ಲದ ಡೀಸೆಲ್ ಹರಿದ ಮೇಲೆ ಬಿಗಿಮಾಡಬೇಕು.

ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಬೋಟುಗಳು ದಡ ಸೇರುವ ಆ ಎರಡು ತಿಂಗಳು ಇಂಥ ದುರಸ್ತಿಗೆ ಸಕಾಲ.